ಸೈಕಲ್ ಬರುತ್ತೇನಮ್ಮಾ?

ಕೀರ್ತಿ ಸಂಪಾದಿಸುವುದು ಬಹಳ ಕಷ್ಟ ಎಂದು ದೊಡ್ಡವರೆಲ್ಲ ಹೇಳುತ್ತಾರೆ. ನನ್ನ ಅನುಭವ ಬೇರೆ. ನನ್ನ ಪಾಲಿನ ಕೀರ್ತಿ ನಾನು ಕೇಳದೆ, ಬೇಡದೆ, ಕೇಸರಿಬಾತಿನ ತಟ್ಟೆಗಳ ಟ್ರೇ ಹಿಡಿದುಕೊಂಡು ನೆಲ ನೋಡುತ್ತಾ ನಿಂತಿದ್ದಾಗ ಬಂದು ಹೆಗಲೇರಿತು. ಇಪ್ಪತ್ತೇಳು ವರ್ಷವಾಯಿತು, ಇಳಿಯುವ ಲಕ್ಷಣವೇ ಇಲ್ಲ. ಹಾಗಾಗಿ ಕೀರ್ತಿಯ ವಿಷಯದಲ್ಲಿ ಸಂಪಾದನೆಗಿಂತ ವಿಸರ್ಜನೆಯೇ ಕಷ್ಟವೆಂದು ನಾನು ನಂಬಿದ್ದೇನೆ.

ನೀವೂ ಗಮನಿಸಿರಬಹುದು. ಪ್ರತಿಯೊಂದು ಮನೆಯಲ್ಲೂ ಒಬ್ಬೊಬ್ಬರಿಗೆ ಒಂದೊಂದು ಕೀರ್ತಿಯನ್ನು ಯಾರೋ ಯಾವಾಗಲೋ ಹಂಚಿಬಿಟ್ಟಿರುತ್ತಾರೆ, ಬಚ್ಚಲುಮನೆಯಲ್ಲಿ ಒಬ್ಬೊಬ್ಬರ ಟವೆಲಿಗೆ ಒಂದೊಂದು ಮೊಳೆ ಇದ್ದ ಹಾಗೆ. ಶಂಕರಪುರದ ನಮ್ಮ ಮನೆಯಲ್ಲಿ ಯಜಮಾನರ ಕೀರ್ತಿ ದಾರಿ ನೆನಪಿಟ್ಟುಕೊಳ್ಳುವುದು. ಒಂದು ಸಲ ನೋಡಿದ ರಸ್ತೆಯನ್ನು ಅವರು ಮರೆಯುವುದಿಲ್ಲವಂತೆ. ಇದೇ ಮನುಷ್ಯ ಗಾಂಧಿನಗರದಲ್ಲಿ ಗೆಳೆಯರ ಮಗಳ ಮದುವೆಗೆಂದು ಹೋಗಿ, ಪಕ್ಕದ ಬೀದಿಯ ಛತ್ರದಲ್ಲಿ ಯಾರದೋ ಮದುವೆಯ ಊಟ ಮಾಡಿ, ಉಡುಗೊರೆಯನ್ನೂ ಕೊಟ್ಟು, ಫೋಟೋಕ್ಕೂ ನಿಂತು ಬಂದರು. ಕೀರ್ತಿಗೆ ಏನೂ ಆಗಲಿಲ್ಲ. ಛತ್ರದವರು ಬೋರ್ಡನ್ನು ಸರಿಯಾಗಿ ಹಾಕಿರಲಿಲ್ಲ ಎಂದು ತೀರ್ಮಾನವಾಯಿತು. ನನ್ನ ಕೀರ್ತಿ ಸೈಕಲ್ಲಿನದು. ನಾನು ಮದುವೆಗೆ ಮುಂಚೆ ದಿನವೂ ಬೆಳಿಗ್ಗೆ ಸೈಕಲ್ ಹೊಡೆಯುತ್ತಿದ್ದ ಧೀರೆ. ಸತ್ಯ ಏನೆಂದರೆ ನನಗೆ ಸೈಕಲ್ ಹೊಡೆಯಲು ಬರುವುದಿಲ್ಲ. ಹತ್ತನೇ ವಯಸ್ಸಿನಲ್ಲಿ ಒಂದೇ ಒಂದು ಸಲ ಬಾಡಿಗೆ ಸೈಕಲ್ ಮೇಲೆ ಕೂತಿದ್ದೆ. ಅದು ನನ್ನನ್ನು ಚರಂಡಿಯವರೆಗೆ ಕರೆದುಕೊಂಡು ಹೋಗಿ ಬಿಟ್ಟಿತ್ತು. ನಮ್ಮ ಸಂಬಂಧ ಅಲ್ಲಿಗೇ ಮುಗಿದಿತ್ತು.

ಎಲ್ಲಕ್ಕೂ ಕಾರಣ ನಮ್ಮ ಭಾಷೆ. ಕನ್ನಡದಲ್ಲಿ ನೀರೂ ಬರುತ್ತದೆ, ನಿದ್ದೆಯೂ ಬರುತ್ತದೆ, ಬಸ್ಸೂ ಬರುತ್ತದೆ, ಸಂಗೀತವೂ ಬರುತ್ತದೆ. ಚಾಮರಾಜಪೇಟೆಯ ನಮ್ಮ ತಂದೆಯ ಮನೆಗೆ ನನ್ನನ್ನು ನೋಡಲು ಬಂದ ದಿನ, ಮಾವನವರಾಗಲಿದ್ದವರು ಬೋಂಡಾ ತಿನ್ನುತ್ತಾ ನಮ್ಮ ಬೀದಿಯ ಯೋಗಕ್ಷೇಮ ವಿಚಾರಿಸುತ್ತಿದ್ದರು. ಕಾವೇರಿ ನೀರು ಬರುತ್ತಾ ಎಂದರು. ಬರುತ್ತೆ ಎಂದರು ನಮ್ಮ ತಂದೆ. ಹಾಲು ಮನೆ ಬಾಗಿಲಿಗೇ ಬರುತ್ತಾ ಎಂದರು. ಬರುತ್ತೆ ಎಂದರು. ಆಮೇಲೆ ಅವರು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, "ಸೈಕಲ್ ಬರುತ್ತೇನಮ್ಮಾ?" ಎಂದು ಕೇಳಿದರು. ನೆಲ ನೋಡುತ್ತಿದ್ದ ನನ್ನ ಕಣ್ಣಿಗೆ ಬಂದದ್ದು ಕಲಾಸಿಪಾಳ್ಯದ ಮಾರ್ಕೆಟ್ಟಿನಿಂದ ಸೊಪ್ಪು ಹೇರಿಕೊಂಡು ನಮ್ಮ ಬೀದಿಗೆ ಬರುತ್ತಿದ್ದ ಮುನಿಯಪ್ಪನ ಸೈಕಲ್. "ಬರುತ್ತೆ. ದಿನಾ ಬೆಳಿಗ್ಗೆ, ಆರೂವರೆಗೆಲ್ಲ" ಎಂದೆ. ಮಾವನವರು ಬೋಂಡಾವನ್ನು ತಟ್ಟೆಗಿಟ್ಟು ಅತ್ತೆಯ ಮುಖ ನೋಡಿದರು. ಅವರು ಮೂವತ್ತು ವರ್ಷ ಸೈಕಲ್ಲಿನಲ್ಲೇ ಆಫೀಸಿಗೆ ಹೋಗಿಬಂದವರು, ಸೈಕಲ್ ಹೊಡೆಯುವವರೆಲ್ಲ ಸತ್ಯವಂತರೆಂದು ನಂಬಿದ್ದವರು ಎನ್ನುವುದು ನನಗೆ ಆಮೇಲೆ ಗೊತ್ತಾಯಿತು.

ನಮ್ಮ ತಂದೆಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಚೆನ್ನಾಗಿಯೇ ಗೊತ್ತಿತ್ತು. ಆದರೆ ಮಗಳು ಗಂಡಿನವರ ಮುಂದೆ ಅಷ್ಟು ಧೈರ್ಯವಾಗಿ ಸುಳ್ಳು ಹೇಳುತ್ತಿರುವಾಗ ತಾವು ಅಡ್ಡ ಬರಬಾರದೆಂದು ಸುಮ್ಮನಾದರಂತೆ. ಮದುವೆಯಾಗಿ ಮೂರನೇ ದಿನ ಮಾವನವರು ಬಂದವರಿಗೆಲ್ಲ "ನಮ್ಮ ಸೊಸೆ, ಸೈಕಲಿಸ್ಟು" ಎಂದು ಪರಿಚಯಿಸುವಾಗ ನನಗೆ ವಿಷಯ ಹೊಳೆಯಿತು. ಅದು ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ. ನಾಚಿಕೆ ಎಂದುಕೊಂಡು ಎಲ್ಲರೂ ನಕ್ಕರು. ಮುಂದೆ ಇಷ್ಟು ವರ್ಷ ಯಾರೂ ನನ್ನನ್ನು ಪರೀಕ್ಷಿಸಲಿಲ್ಲ. ಮನೆಯಲ್ಲಿದ್ದದ್ದು ಮಾವನವರ ಗಂಡಸರ ಸೈಕಲ್, ನಾನು ಉಡುತ್ತಿದ್ದದ್ದು ಸೀರೆ. ಪರೀಕ್ಷೆಯಿಲ್ಲದ ಕೀರ್ತಿಯಷ್ಟು ಗಟ್ಟಿಯಾದದ್ದು ಬೇರೆ ಇಲ್ಲ.

ನಾನೇಕೆ ಗಟ್ಟಿಯಾಗಿ ನಿರಾಕರಿಸಲಿಲ್ಲವೆಂದರೆ, ಅದಕ್ಕೆ ಕಾರಣ ನಮ್ಮ ಅತ್ತೆ. ಮಾವನವರು ಈಗಿಲ್ಲ, ಅತ್ತೆಗೀಗ ಎಪ್ಪತ್ತೊಂಬತ್ತು. ಒಳ್ಳೆಯವರು, ಆದರೆ ಹೊಗಳುವುದರಲ್ಲಿ ಕೈ ಸ್ವಲ್ಪ ಬಿಗಿ. ನನ್ನ ಸಾರು ಅವರ ಪ್ರಕಾರ ಇಂದಿಗೂ "ಪರವಾಗಿಲ್ಲ". ನನ್ನ ರಂಗೋಲಿಯನ್ನು ನೋಡಿ "ಮಳೆ ಬಂತಾ?" ಎಂದು ಕೇಳಿದ್ದಾರೆ. ಇಷ್ಟು ವರ್ಷಗಳಲ್ಲಿ ಅವರು ನಾಲ್ಕು ಜನರ ಮುಂದೆ ಬಾಯಿ ತುಂಬ ನನ್ನನ್ನು ಹೊಗಳಿರುವುದು ಒಂದೇ ವಿಷಯಕ್ಕೆ, ಸೈಕಲ್ಲಿಗೆ. ಅದರಲ್ಲೂ ಚಾಮರಾಜಪೇಟೆಯಲ್ಲಿರುವ ಅವರ ವಾರಗಿತ್ತಿಯ ಮುಂದೆ. ಆ ಚಿಕ್ಕತ್ತೆಯ ಸೊಸೆ ಕಾರು ಓಡಿಸುತ್ತಾಳೆ. ಅವರು ಆ ಮಾತೆತ್ತಿದಾಗಲೆಲ್ಲ ನಮ್ಮ ಅತ್ತೆ, ಕಾರಿಗೇನು, ನಾಲ್ಕು ಚಕ್ರ, ತಾನಾಗಿ ನಿಂತಿರುತ್ತೆ, ಎರಡು ಚಕ್ರದ ಮೇಲೆ ನಿಲ್ಲೋದಕ್ಕೆ ಎದೆ ಬೇಕು ಎಂದು ಹೇಳಿ ನನ್ನ ಕಡೆ ನೋಡುತ್ತಾರೆ. ಆ ನೋಟಕ್ಕಾಗಿ ನಾನು ಇಪ್ಪತ್ತೇಳು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಇರುವುದೊಂದು ಹೊಗಳಿಕೆ, ಅದನ್ನೂ ಕಳೆದುಕೊಂಡರೆ ನನಗುಳಿಯುವುದು ಪರವಾಗಿಲ್ಲದ ಸಾರು ಮಾತ್ರ.

ಹೀಗೆ ಸುಖವಾಗಿದ್ದಾಗ ಈ ಬೇಸಿಗೆ ಬಂತು. ಮಲ್ಲೇಶ್ವರದಲ್ಲಿರುವ ನಮ್ಮ ನಾದಿನಿ ಪದ್ಮಜಾಳ ಅಪಾರ್ಟ್‌ಮೆಂಟಿನಲ್ಲಿ ಯಾರೋ ಅಂಡಮಾನಿಗೆ ಹೋಗಿ ಬಂದು, ನೀಲಿ ಸಮುದ್ರದ ಪಕ್ಕ ಸೈಕಲ್ ಹಿಡಿದು ನಿಂತ ಫೋಟೋಗಳನ್ನು ತೋರಿಸಿದರಂತೆ. ಪದ್ಮಜಾಳಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ನಮ್ಮ ಮನೆಗೆ ಬಂದು ಘೋಷಿಸಿದಳು: ಮೇ ತಿಂಗಳಲ್ಲಿ, ಮಳೆ ಹಿಡಿಯುವುದಕ್ಕೆ ಮುಂಚೆ, ನಾವೆಲ್ಲ ಅಂಡಮಾನಿಗೆ ಹೋಗಿ ಮೂರು ದ್ವೀಪಗಳನ್ನು ಸೈಕಲ್ಲಿನಲ್ಲಿ ಸುತ್ತುವುದು. ಅವಳು, ಅವಳ ಗಂಡ, ನಮ್ಮ ಯಜಮಾನರು, ನಾನು. ಅತ್ತೆ ಹಿಂದಿನಿಂದ ಆಟೋದಲ್ಲಿ. ಹಿಂದೆಲ್ಲ ಸರ್ಕಾರದವರು ಕೈಗೆ ಬೇಡಿ ಹಾಕಿ ಅಲ್ಲಿಗೆ ಕಳಿಸುತ್ತಿದ್ದರು, ಕರಿನೀರಿನ ಶಿಕ್ಷೆ ಅಂತ, ಈಗ ನೀವಾಗಿ ನೀವೇ ರಜ ಹಾಕಿ ಹೋಗ್ತೀರಲ್ಲ ಎಂದು ಅತ್ತೆ ಆಶ್ಚರ್ಯಪಟ್ಟರು. ಪದ್ಮಜಾ ಅದನ್ನು ಕೇಳಿಸಿಕೊಳ್ಳದೆ ವಾಟ್ಸಾಪಿನಲ್ಲಿ 'ದ್ವೀಪ ದಂಡು' ಎಂಬ ಗುಂಪು ಮಾಡಿ, "ನಮಗೇನು ಯೋಚ್ನೆ, ಅತ್ತಿಗೆ ಇದಾರಲ್ಲ" ಎಂದು ನನ್ನನ್ನು ಅದರ ಕ್ಯಾಪ್ಟನ್ ಮಾಡಿಬಿಟ್ಟಳು.

ಆಮೇಲೆ ಪ್ರತಿ ಭಾನುವಾರ ನಮ್ಮ ಹಾಲಿನಲ್ಲಿ ಸಭೆ. ದೇಶದ ಬಜೆಟ್ಟಿಗೂ ಇಷ್ಟು ಸಭೆ ಸೇರುವುದಿಲ್ಲವೇನೋ. ಮೊದಲ ಸಭೆ ತಿಂಡಿಯ ವಿಷಯಕ್ಕೇ ಮುಗಿಯಿತು. ವಿಮಾನದಲ್ಲಿ ಒಬ್ಬರಿಗೆ ಹದಿನೈದು ಕೆಜಿ ಸಾಮಾನು ಎಂದು ಪದ್ಮಜಾ ಓದಿದಳು. ಅದರಲ್ಲಿ ಹನ್ನೊಂದು ಕೆಜಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಗೊಜ್ಜವಲಕ್ಕಿ, ಸಾರಿನ ಪುಡಿ, ಹುರಿಹಿಟ್ಟು, ಒಂದು ಸಣ್ಣ ರೈಸ್ ಕುಕ್ಕರ್ ಮತ್ತು ಉಪ್ಪಿನಕಾಯಿ ಎಂದು ಯಜಮಾನರು ಬರೆದುಕೊಂಡರು. ಉಳಿದ ನಾಲ್ಕರಲ್ಲಿ ಬಟ್ಟೆ. ಸಮುದ್ರದ ನಡುವೆ ಉಪ್ಪು ಸಿಗುತ್ತದೋ ಇಲ್ಲವೋ ಎಂದು ಅವರು ಚಿಂತಿಸಿದಾಗ ಯಾರೂ ನಗಲಿಲ್ಲ. ಉಪ್ಪನ್ನೂ ಪಟ್ಟಿಗೆ ಸೇರಿಸಲಾಯಿತು.

ಎರಡನೇ ಸಭೆ ಪದ್ಮಜಾಳ ಗಂಡ ಶ್ರೀಧರನ ಉಡುಪಿನದು. ಅವನು ಹೆಲ್ಮೆಟ್ಟು, ಬೆರಳಿಲ್ಲದ ಗ್ಲೌಸು, ಹಿಂಭಾಗಕ್ಕೆ ದಿಂಬು ಹೊಲಿದ ಚಡ್ಡಿ, ಮಳೆಬಿಲ್ಲಿನ ಬಣ್ಣದ ಕನ್ನಡಕ ಎಲ್ಲ ತರಿಸಿದ್ದ. ಸೈಕಲ್ ಇನ್ನೂ ಬಂದಿರಲಿಲ್ಲ. ಬರುವವರೆಗೆ ಅಭ್ಯಾಸವಾಗಲೆಂದು ಅದಷ್ಟನ್ನೂ ತೊಟ್ಟುಕೊಂಡು ಎಂಟನೇ ಕ್ರಾಸಿನಲ್ಲಿ ಕೊತ್ತಂಬರಿ ಸೊಪ್ಪು ತರಲು ಹೋಗುತ್ತಿದ್ದ. ದಿನಕ್ಕೆ ನಲವತ್ತು ಕಿಲೋಮೀಟರ್ ತುಳಿಯಲೇಬೇಕು, ಕಡಮೆಯಾದರೆ ಮಸಲ್ಸಿಗೆ ಅವಮಾನ ಎಂದ. ಯಜಮಾನರು ಮ್ಯಾಪಿನ ಮೇಲೆ ದಾರದ ತುಂಡಿಟ್ಟು ಅಳೆದು ನೋಡಿದರೆ, ಮೊದಲ ದ್ವೀಪದ ಈ ತುದಿಯಿಂದ ಆ ತುದಿಗೆ ಶಂಕರಪುರದಿಂದ ಮಲ್ಲೇಶ್ವರಕ್ಕಿರುವಷ್ಟೂ ದೂರವಿರಲಿಲ್ಲ. ನಲವತ್ತು ಆಗಬೇಕಾದರೆ ಒಂದೋ ಅದನ್ನೇ ಮತ್ತೆ ಮತ್ತೆ ಸುತ್ತಬೇಕು, ಇಲ್ಲವೇ ಸಮುದ್ರಕ್ಕಿಳಿಯಬೇಕು. ಶ್ರೀಧರ ದ್ವೀಪದ ಬಗ್ಗೆ ಬೇಸರಪಟ್ಟುಕೊಂಡ. ಕಡೆಗೆ ನನ್ನ ಕಡೆ ತಿರುಗಿ, "ನೀವೇನಂತೀರಿ ಕ್ಯಾಪ್ಟನ್?" ಎಂದ.

ಇದೇ ಸಮಯ ಎಂದುಕೊಂಡು ನಾನು ಲೋಟ ಕೆಳಗಿಟ್ಟು ಸ್ಪಷ್ಟವಾಗಿ ಹೇಳಿದೆ. "ನೋಡಿ, ನನಗೆ ಸೈಕಲ್ ಬರಲ್ಲ."

"ಶುರುವಾಯ್ತು ಅತ್ತಿಗೇದು" ಎಂದಳು ಪದ್ಮಜಾ. "ಗೌರಿ ಹಬ್ಬಕ್ಕೆ ಹಾಡಿ ಅಂದ್ರೂ ಹಿಂಗೇ. ಬರಲ್ಲ ಬರಲ್ಲ ಅಂತೀರ, ಆಮೇಲೆ ತಾಂಬೂಲ ಕೊಟ್ಟು ಕಳಿಸಿದ್ರೂ ನಿಲ್ಲಿಸಲ್ಲ."

ಎಲ್ಲರೂ ನಕ್ಕರು. ನನಗೆ ಆಗ ಒಂದು ವಿಷಯ ಅರ್ಥವಾಯಿತು. ನಮ್ಮಲ್ಲಿ ಹಾಡು ಎಂದ ಕೂಡಲೇ ಹಾಡಲು ಶುರುಮಾಡಿದ ಹೆಂಗಸನ್ನು ಮರ್ಯಾದಸ್ಥಳೆಂದು ಯಾರೂ ಒಪ್ಪುವುದಿಲ್ಲ. ಮೂರು ಸಲ ಬರಲ್ಲ ಎನ್ನಬೇಕು, ಒಂದು ಸಲ ಕೆಮ್ಮಬೇಕು, ಗಂಟಲು ಸರಿಯಿಲ್ಲ ಎನ್ನಬೇಕು, ಪಕ್ಕದವರನ್ನು ತೋರಿಸಿ ಅವರು ಚೆನ್ನಾಗಿ ಹಾಡ್ತಾರೆ ಎನ್ನಬೇಕು, ಆಮೇಲೆ ಹಾಡಬೇಕು. ಹೀಗೆ 'ನನಗೆ ಬರುವುದಿಲ್ಲ' ಎಂಬ ವಾಕ್ಯವನ್ನು ನಾವು ಸೌಜನ್ಯಕ್ಕೇ ಖರ್ಚು ಮಾಡಿಬಿಟ್ಟಿದ್ದೇವೆ. ನಿಜವಾಗಿ ಬರದಿದ್ದಾಗ ಹೇಳಲು ಬೇರೆ ವಾಕ್ಯವನ್ನು ಉಳಿಸಿಕೊಂಡೇ ಇಲ್ಲ. ನಾನು ಆವತ್ತು ಆರು ಸಲ ಹೇಳಿದೆ. ಪ್ರತಿ ಸಲವೂ ನನ್ನ ವಿನಯದ ಬಗ್ಗೆ ಅವರ ಅಭಿಪ್ರಾಯ ಒಂದೊಂದು ಮೆಟ್ಟಿಲು ಮೇಲೇರಿತು.

ಮುಂದಿನ ಭಾನುವಾರ ಬೆಳಿಗ್ಗೆ ನಮ್ಮ ರಸ್ತೆಯಲ್ಲೇ ಟ್ರಯಲ್. ಶ್ರೀಧರ ಬಾಡಿಗೆಗೆ ಒಂದು ಲೇಡೀಸ್ ಸೈಕಲ್ ತಂದಿದ್ದ. ಮಾತಿನಿಂದ ಆಗದ್ದು ಪ್ರಾತ್ಯಕ್ಷಿಕೆಯಿಂದಾಗಲಿ, ಇವತ್ತಿಗೆ ಈ ಕೀರ್ತಿ ತೊಲಗಲಿ ಎಂದು ನಾನೂ ದೇವರಿಗೆ ದೀಪ ಹಚ್ಚಿ, ಸೆರಗು ಸಿಕ್ಕಿಸಿಕೊಂಡು ಹತ್ತಿದೆ. ಸೈಕಲ್ಲು ನಾಲ್ಕು ಮಾರು ಹೋಯಿತು. ಎದುರು ಮನೆಯವರು ಹೊದಿಕೆ ಹೊದೆಸಿ ನಿಲ್ಲಿಸಿರುವ ಒಂದು ಕಾರಿದೆ, ಮೂರು ವರ್ಷದಿಂದ ಅದು ಕದಲಿದ್ದನ್ನು ಯಾರೂ ನೋಡಿಲ್ಲ. ನಾನು ಹೋಗಿ ಗುದ್ದಿದಾಗ ಅದು ಕೂಗಿಕೊಳ್ಳಲು ಶುರುಮಾಡಿತು. ಮಹಡಿ ಮಹಡಿಯಿಂದ ಜನ ಇಣುಕಿದರು. ನಾನು ನೆಲದ ಮೇಲೆ ಕೂತು, ಮೊಣಕೈ ತರಚಿದ್ದರೂ, ಎಂಥದೋ ಬಿಡುಗಡೆಯ ಸಂತೋಷದಿಂದ ಎಲ್ಲರ ಮುಖ ನೋಡಿದೆ.

ಶ್ರೀಧರ ಓಡಿಬಂದು ಸೈಕಲ್ಲನ್ನು ಎತ್ತಿ ಹ್ಯಾಂಡಲ್ ಅಲ್ಲಾಡಿಸಿ ನೋಡಿ, ಅಲೈನ್‌ಮೆಂಟ್ ಪೂರ್ತಿ ಔಟು ಎಂದ. ಸೀರೆ ಉಡಬಾರದು ಅಂತ ನಾನು ಮೊದಲೇ ಹೇಳಿದ್ದೆ ಎಂದರು ಯಜಮಾನರು, ಹೇಳಿರಲಿಲ್ಲ. ಅತ್ತಿಗೇದು ಹಳೇ ಕಾಲದ ಗಟ್ಟಿ ಸೈಕಲ್ ಅಭ್ಯಾಸ, ಈ ಗೇರು ಗೀರು ಅವರಿಗೆ ಆಗಿಬರಲ್ಲ ಎಂದಳು ಪದ್ಮಜಾ. ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರು ಕೂಡ ತಮ್ಮ ಕಾರಿನ ಹೊದಿಕೆ ಸರಿಮಾಡುತ್ತಾ, ಬೀಳುವಾಗ ಎಷ್ಟು ಸಲೀಸಾಗಿ ಬಿದ್ದರು ನೋಡಿ, ಅದು ಹಳೇ ಪಳಗಿದವರ ಲಕ್ಷಣ ಎಂದು ಸರ್ಟಿಫಿಕೇಟ್ ಕೊಟ್ಟರು. ತಪ್ಪೆಲ್ಲ ಸೈಕಲ್ಲಿನದಾಯಿತು. ನನ್ನ ಕೀರ್ತಿಗೆ ಒಂದು ಗೀರೂ ಬೀಳಲಿಲ್ಲ. ಗೇಟಿನ ಹತ್ತಿರ ನಿಂತಿದ್ದ ಅತ್ತೆ ಮಾತ್ರ ನನ್ನನ್ನೊಮ್ಮೆ, ಸೈಕಲ್ಲನ್ನೊಮ್ಮೆ ನೋಡಿ ಒಳಗೆ ಹೋದರು.

ಮಧ್ಯಾಹ್ನ ತಾರಸಿಯ ಮೇಲೆ ಸಂಡಿಗೆ ಒಣಗಿಸಿದ್ದೆವು. ಅತ್ತೆ ಕಾಗೆ ಓಡಿಸಲು ಕೊಡೆ ಹಿಡಿದು ನೆರಳಿನಲ್ಲಿ ಕೂತಿದ್ದರು. ನಾನು ಸಂಡಿಗೆ ಮಗುಚಿ ಹಾಕುತ್ತಿದ್ದೆ.

"ಹತ್ರ ಬಾ ಇಲ್ಲಿ" ಎಂದರು. "ನಿಜ ಹೇಳು. ನಿಂಗೆ ಸೈಕಲ್ ಬರುತ್ತೋ ಇಲ್ವೋ?"

"ಬರಲ್ಲ ಅತ್ತೆ."

"ಮದುವೆಗೆ ಮುಂಚೆ ಬರ್ತಿತ್ತಲ್ಲ?"

"ಆಗ್ಲೂ ಬರ್ತಿರಲಿಲ್ಲ."

ಬೋಂಡಾದಿಂದ ಹಿಡಿದು ಮುನಿಯಪ್ಪನವರೆಗೆ ಎಲ್ಲವನ್ನೂ ಹೇಳಿದೆ. ಅವರು ಒಂದು ಸಂಡಿಗೆಯನ್ನು ಬೆರಳಲ್ಲಿ ಒತ್ತಿ ಒಣಗಿದೆಯೇ ಎಂದು ನೋಡುತ್ತಾ ಕೇಳಿಸಿಕೊಂಡರು.

"ಅಂದ್ರೆ ಬೆಳಿಗ್ಗೆ ಆರೂವರೆಗೆ ಬರ್ತಿದ್ದಿದ್ದು ಸೊಪ್ಪು."

"ಹೂಂ. ದಂಟು, ಮೆಂತ್ಯ, ಸಬ್ಬಸಿಗೆ."

ಆಮೇಲೆ ಅತ್ತೆ ನನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದರು. ನನ್ನನ್ನು ನೋಡುವುದಕ್ಕೆ ಹಿಂದಿನ ವಾರ ಅವರು ಜಯನಗರದಲ್ಲಿ ಇನ್ನೊಂದು ಹುಡುಗಿಯನ್ನು ನೋಡಿದ್ದರಂತೆ. ಬಿ.ಎಸ್ಸಿ. ಓದಿದವಳು, ನನಗಿಂತ ಬೆಳ್ಳಗಿದ್ದಳು, ವೀಣೆ ಬೇರೆ ಬರುತ್ತಿತ್ತು. ಅತ್ತೆಯ ಮನಸ್ಸೆಲ್ಲ ಆ ವೀಣೆಯ ಕಡೆಗಿತ್ತು. ಮಾವನವರು ಮಾತ್ರ ಸೈಕಲ್ ಸೈಕಲ್ ಎಂದು ಹಟ ಹಿಡಿದು ಇಲ್ಲಿಗೇ ಒಪ್ಪಿಸಿದರಂತೆ. ಹೇಳಿ ಮುಗಿಸಿ ಅತ್ತೆ ಇನ್ನೊಂದು ಸಂಡಿಗೆಯನ್ನು ಒತ್ತಿ ನೋಡಿದರು. ನಾನು ತಲೆ ತಗ್ಗಿಸಿ ಸಂಡಿಗೆಗಳನ್ನು ಎಣಿಸುತ್ತಾ ನಿಂತೆ. ಹೊಗಳಿಕೆ ಹೋಯಿತು, ಇನ್ನು ಈ ವಯಸ್ಸಿನಲ್ಲಿ ಹೊಸದು ಸಂಪಾದಿಸುವುದು ಯಾವಾಗ ಎಂದು ನನ್ನ ಕಣ್ಣಲ್ಲಿ ನೀರಾಡುವ ಹೊತ್ತಿಗೆ ಅತ್ತೆ ಅಂದರು: "ಆ ಹುಡುಗಿ ನಮ್ಮ ಮುಂದೆ ನುಡಿಸಲಿಲ್ಲ ಕಣೇ. ತಂತಿ ಕಿತ್ತುಹೋಗಿದೆ ಅಂದ್ರು. ಅವಳಿಗೂ ಬರ್ತಿರಲಿಲ್ವೋ ಏನೋ."

ನಾನು ತಲೆಯೆತ್ತಿದೆ. ಅತ್ತೆ ಕಾಗೆಯ ಕಡೆ ಕೊಡೆ ಬೀಸಿ ಎದ್ದರು. "ಚಾಮರಾಜಪೇಟೆಯವಳಿಗೆ ಗೊತ್ತಾಗಬಾರದು. ಹೊರಡೋಕೆ ಇನ್ನೂ ಇಪ್ಪತ್ತಾರು ದಿನ ಇದೆ. ಕಲಿ."

ಮರುದಿನದಿಂದ ಯಜಮಾನರು ಬೆಳಿಗ್ಗೆ ಪಾರ್ಕಿಗೆ ವಾಕಿಂಗ್ ಹೋದ ಕೂಡಲೇ, ಶ್ರೀಧರ ಬಿಟ್ಟುಹೋಗಿದ್ದ ಬಾಡಿಗೆ ಸೈಕಲ್ ಮೇಲೆ, ನಮ್ಮ ಶಾಲೆ ಶುರು. ನಾನು ಚೂಡಿದಾರ ಹಾಕಿಕೊಳ್ಳುವುದಕ್ಕೆ ರೈಲು ಪ್ರಯಾಣವೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ಒಪ್ಪದ ಅತ್ತೆ ತಾವೇ ಬೀರುವಿನಿಂದ ಒಂದನ್ನು ತೆಗೆದುಕೊಟ್ಟು, ಗೇಟಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಜೀವಮಾನದಲ್ಲಿ ಸೈಕಲ್ ಮುಟ್ಟದಿದ್ದರೂ ಕಲಿಸುವುದಕ್ಕೆ ಅವರಿಗೇನೂ ಅಡ್ಡಿಯಾಗಲಿಲ್ಲ. ಸಾರಿನ ವಿಷಯದಲ್ಲಿ ಅವರು ಹೇಳಿದ್ದನ್ನು ನಾನು ಎಷ್ಟೋ ಸಲ ಮೀರಿದ್ದೇನೆ, ಸೈಕಲ್ಲಿನ ವಿಷಯದಲ್ಲಿ ಒಂದನ್ನೂ ಮೀರಲಿಲ್ಲ. "ನೆಲ ಯಾಕೆ ನೋಡ್ತೀಯ, ನೆಲ ಎಲ್ಲಿಗೂ ಹೋಗಲ್ಲ. ಮುಂದೆ ನೋಡು" ಎನ್ನುತ್ತಿದ್ದರು. ಬಿದ್ದಾಗ ಎತ್ತಲು ಬರುತ್ತಿರಲಿಲ್ಲ. ಬೀದಿಯವರು ಕೇಳಿದರೆ, ಟಚ್ ಬಿಟ್ಟುಹೋಗಿದೆ, ಉಜ್ಜಿಕೊಳ್ತಿದಾಳೆ ಎಂದು ಅವರೇ ಉತ್ತರ ಕೊಟ್ಟುಬಿಡುತ್ತಿದ್ದರು. ನನ್ನ ಎರಡು ಮೊಣಕಾಲೂ ಒಂದು ಕಾಲಕ್ಕೆ ಅರಿಸಿನದ ಬಣ್ಣಕ್ಕೆ ತಿರುಗಿದ್ದವು. ಯಜಮಾನರು ನೋಡಿ ಏನಿದು ಎಂದರೆ, ತಾರಸಿಯ ಮೆಟ್ಟಿಲು ಎಂದೆ. ಆ ಮೆಟ್ಟಿಲಿನ ಬಗ್ಗೆ ಅವರು ಗಾರೆಯವನಿಗೆ ಎರಡು ಸಲ ಫೋನು ಮಾಡಿದರು.

ಹನ್ನೆರಡನೇ ದಿನವೋ ಹದಿಮೂರನೇ ದಿನವೋ, ನಮ್ಮ ಗೇಟಿನಿಂದ ಹೊರಟವಳು ರಸ್ತೆಯ ತುದಿಯವರೆಗೆ ಬೀಳದೆ ಹೋಗಿಬಿಟ್ಟೆ. ಸಂಪಿಗೆ ಮರ ಹಿಂದಕ್ಕೆ ಹೋಯಿತು, ಹೆಡ್‌ಮಾಸ್ತರರ ಕಾರು ಹಿಂದಕ್ಕೆ ಹೋಯಿತು, ಕಿವಿಯಲ್ಲಿ ಗಾಳಿ ಗುಂಯ್‌ಗುಟ್ಟಿತು. ಐವತ್ತೊಂದು ವರ್ಷ ನಾನು ಏನು ಮಾಡುತ್ತಿದ್ದೆ ಎಂದು ಒಂದು ಕ್ಷಣ ಅನ್ನಿಸಿತು. ಹಿಂತಿರುಗಿ ನೋಡಿದರೆ ಅತ್ತೆ ಕುರ್ಚಿಯಿಂದ ಎದ್ದು ನಿಂತಿದ್ದರು. ಹತ್ತಿರ ಬಂದಾಗ, "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಆ ಮಾತು ಅಷ್ಟು ಚೆನ್ನಾಗಿ ಕೇಳಿಸಿದ್ದು ಅದೇ ಮೊದಲು.

ಆದರೆ ಒಂದು ತೊಡಕು ಉಳಿಯಿತು. ನನಗೆ ಬಲಕ್ಕೆ ತಿರುಗಲು ಬಂತು, ಎಡಕ್ಕೆ ಬರಲಿಲ್ಲ. ಗೇಟಿನಿಂದ ಹೊರಟು ಬಲಕ್ಕೆ, ಮತ್ತೆ ಬಲಕ್ಕೆ, ಮತ್ತೆ ಬಲಕ್ಕೆ, ಹೀಗೆ ನಮ್ಮ ಬ್ಲಾಕನ್ನು ಎಷ್ಟು ಸಲ ಬೇಕಾದರೂ ಸುತ್ತುತ್ತಿದ್ದೆ. ಎಡಕ್ಕೆ ತಿರುಗಬೇಕೆಂದು ಮನಸ್ಸಿನಲ್ಲಿ ಅಂದುಕೊಂಡ ಕೂಡಲೇ ಎಡಗಾಲು ತಾನಾಗಿ ನೆಲಕ್ಕಿಳಿಯುತ್ತಿತ್ತು, ಹಿಂದೆಯೇ ನಾನು. ಒಂದು ಸಲ ಎಳನೀರಿನ ರಾಶಿ, ಒಂದು ಸಲ ಇಸ್ತ್ರಿಯವರ ಗಾಡಿ. ಅತ್ತೆ ಏನೇನು ಹೇಳಿಕೊಟ್ಟರೂ ಸಾಗಲಿಲ್ಲ. ದಿನಗಳು ಮಾತ್ರ ಸಾಗುತ್ತಿದ್ದವು.

ಹೊರಡುವುದಕ್ಕೆ ಐದು ದಿನವಿದ್ದಾಗ ಕೊನೆಯ ಸಭೆ. ಪದ್ಮಜಾ ಮೂರೂ ದ್ವೀಪಗಳ ಮ್ಯಾ‌ಪನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ದಾರಿಗೆಲ್ಲ ಕೆಂಪು ಬಾಣದ ಗುರುತು ಹಾಕಿ ತಂದು ಜಮಖಾನದ ಮೇಲೆ ಹರಡಿದಳು. ದೋಣಿ ಬಂದು ನಿಲ್ಲುವ ಜೆಟ್ಟಿಯಿಂದ ಹೊರಬಿದ್ದು ಬಲಕ್ಕೆ ಹೊರಡುವುದು, ಸಮುದ್ರದಂಡೆಯ ರಸ್ತೆಯಲ್ಲೇ ಇಡೀ ದ್ವೀಪವನ್ನು ಒಂದು ಸುತ್ತು ಹಾಕಿ ಜೆಟ್ಟಿಗೆ ವಾಪಸ್. ಅತ್ತಿಗೆ ಎಲ್ಲರಿಗಿಂತ ಮುಂದೆ, ತಾನು ಹಿಂದಿನಿಂದ ವಿಡಿಯೋ ಮಾಡಿ ಆ ಕ್ಷಣವೇ ಚಾಮರಾಜಪೇಟೆಯ ಚಿಕ್ಕಮ್ಮನಿಗೆ ಕಳಿಸುವುದು ಎಂದಳು. ಅತ್ತೆಯ ಕೈಯಲ್ಲಿದ್ದ ಹೂಬತ್ತಿ ನಿಂತಿತು. ನಾನು ಬಾಣಗಳನ್ನು ನೋಡುತ್ತಾ ಹೋದೆ. ಎಡಕ್ಕೆ, ಎಡಕ್ಕೆ, ಎಡಕ್ಕೆ. ಹನ್ನೊಂದು ತಿರುವುಗಳನ್ನು ಎಣಿಸಿದೆ, ಹನ್ನೊಂದೂ ಎಡಕ್ಕೆ. ಎರಡನೆಯ ದ್ವೀಪದಲ್ಲೂ ಹಾಗೆಯೇ, ಮೂರನೆಯದರಲ್ಲೂ ಹಾಗೆಯೇ. ನಾನು ಹನ್ನೊಂದು ಕಡೆ ಬೀಳುವುದನ್ನು ಚಿಕ್ಕತ್ತೆ ತಮ್ಮ ಸೊಸೆಯೊಂದಿಗೆ ಕಾಫಿ ಕುಡಿಯುತ್ತಾ ನೋಡುವ ಚಿತ್ರ ಕಣ್ಣಿಗೆ ಕಟ್ಟಿತು. ಇದೇ ದಾರಿಯಲ್ಲಿ ಉಲ್ಟಾ ಹೊರಟರೆ ಹನ್ನೊಂದೂ ಬಲವಾಗುತ್ತದಲ್ಲ ಎಂದು ಹೊಳೆದದ್ದೂ ಆಗಲೇ. ಬಾಯಿಂದ ಮಾತು ತಾನಾಗಿ ಹೊರಟಿತು.

"ಇದು ಅಪ್ರದಕ್ಷಿಣೆ ಆಗುತ್ತಲ್ವಾ?"

ದ್ವೀಪಕ್ಕೂ ಪ್ರದಕ್ಷಿಣೆ ಅಂತ ಇರುತ್ತಾ ಅತ್ತಿಗೆ ಎಂದು ಪದ್ಮಜಾ ಅನುಮಾನಿಸಿದಳು. ನಾನು ಉತ್ತರ ಹುಡುಕುವುದರೊಳಗೆ ಅತ್ತೆ, ನನ್ನ ಕಡೆ ನೋಡದೆ, ಬತ್ತಿ ಹೊಸೆಯುತ್ತಲೇ ಅಂದರು:

"ಬೆಟ್ಟಕ್ಕಿದೆ, ಅಶ್ವತ್ಥಕಟ್ಟೆಗಿದೆ, ದ್ವೀಪಕ್ಕೆ ಯಾಕಿಲ್ಲ? ಸುತ್ತಲೂ ಸಮುದ್ರರಾಜ, ಮಧ್ಯೆ ಭೂಮಿತಾಯಿ. ಅವಳನ್ನ ಎಡಕ್ಕೆ ಹಾಕ್ಕೊಂಡು ಸುತ್ತಿ ಏನು ಕಟ್ಕೊಂಡು ಬರ್ತೀರ?"

ಮದುವೆಯಾದಾಗಿನಿಂದ ಶಾಸ್ತ್ರದ ವಿಷಯದಲ್ಲಿ ಅತ್ತೆ ನನ್ನ ಮಾತಿಗೆ ಹೂಂ ಎಂದದ್ದು ಅದೇ ಮೊದಲು. ಯಜಮಾನರು ಹಣೆ ಉಜ್ಜಿಕೊಂಡು, ಹೌದು, ನಾನೂ ಎಲ್ಲೋ ಓದಿದ್ದೀನಿ ಎಂದರು. ಶ್ರೀಧರ ಕನ್ನಡಕ ತೆಗೆದು ಮ್ಯಾಪಿನ ಮೇಲೆ ಬಗ್ಗಿ ಬೆರಳಾಡಿಸಿದ. ನಾವು ರಸ್ತೆಯ ಎಡಬದಿಯಲ್ಲಿ ಹೋಗುವವರು, ದ್ವೀಪ ಬಲಕ್ಕಿದ್ದರೆ ಸಮುದ್ರ ನಮ್ಮ ಮಗ್ಗುಲಿಗೇ ಬರುತ್ತೆ, ವ್ಯೂ ಅಡ್ಡಿಯೇ ಇಲ್ಲ ಎಂದ. ಆಮೇಲೆ ನೆಟ್ಟಗೆ ಕೂತು, "ಸೈಂಟಿಫಿಕ್ ಆಗೂ ಕರೆಕ್ಟು. ನಮ್ಮ ಹಿರಿಯರು ಸುಮ್ನೆ ಮಾಡಿಲ್ಲ ಕ್ಯಾಪ್ಟನ್" ಎಂದ. ಆರು ಸಲ ಸತ್ಯ ಹೇಳಿದಾಗ ನಕ್ಕಿದ್ದ ಸಭೆ, ಒಂದು ಸಲ ಕಟ್ಟಿ ಹೇಳಿದ್ದನ್ನು ವಿಜ್ಞಾನದ ಸಮೇತ ಒಪ್ಪಿಕೊಂಡಿತು. ಪದ್ಮಜಾ ಅಲ್ಲೇ ಕೂತು ಬಾಣಗಳನ್ನೆಲ್ಲ ಅಳಿಸಿ ಹಿಂದುಮುಂದು ಮಾಡಿದಳು. ಹೊಸ ದಾರಿಯಲ್ಲಿ ಜೆಟ್ಟಿಯ ಬಾಗಿಲಿನಲ್ಲಿ ಮಾತ್ರ ಒಂದೇ ಒಂದು ಎಡ ತಿರುವು ಉಳಿಯಿತು. ಅಲ್ಲಿ ಎಲ್ಲರೂ ಇಳಿದು ಭೂಮಿ ಮುಟ್ಟಿ ನಮಸ್ಕಾರ ಮಾಡಿಯೇ ಹೊರಡಬೇಕು ಎಂದು ಅತ್ತೆ ತಾವಾಗಿಯೇ ಒಂದು ಶಾಸ್ತ್ರ ಸೇರಿಸಿದರು. ನಮಸ್ಕಾರ ಮಾಡಿ ಏಳುವಾಗ ಸೈಕಲ್ಲನ್ನು ಎತ್ತಿ ತಿರುಗಿಸಿಟ್ಟುಕೊಂಡರೆ ಆಯಿತು.

ವಿಷಯ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಮಾರನೆಯ ದಿನ ಯಜಮಾನರು ಪಾರ್ಕಿನಲ್ಲಿ ಎಲ್ಲರೂ ಅಪ್ರದಕ್ಷಿಣೆಯಾಗಿ ನಡೆಯುತ್ತಿರುವುದನ್ನು ಕಂಡುಹಿಡಿದು, ತಾವೊಬ್ಬರೇ ಎದುರಿನಿಂದ ನಡೆದು, ಇಬ್ಬರಿಗೆ ಡಿಕ್ಕಿ ಹೊಡೆದು, ಅವರಿಬ್ಬರನ್ನೂ ತಮ್ಮ ಕಡೆಗೆ ತಿರುಗಿಸಿಕೊಂಡು ಬಂದರು. ಶ್ರೀಧರನ ಸೈಕಲ್ ಗೆಳೆಯರು ಮಲ್ಲೇಶ್ವರದ ಕೆರೆಯನ್ನು ಈಗ ಬಲಕ್ಕೆ ಹಾಕಿಕೊಂಡೇ ಸುತ್ತುತ್ತಾರಂತೆ, ಮೈಲೇಜ್ ಜಾಸ್ತಿ ಬರುತ್ತಿದೆಯಂತೆ. ನಿನ್ನೆ ಚಿಕ್ಕತ್ತೆಯೇ ಫೋನು ಮಾಡಿ, ತಮ್ಮ ಸೊಸೆ ಕಾರಿನಲ್ಲಿ ಸರ್ಕಲ್ ಸುತ್ತುವಾಗಲೂ ಈ ನಿಯಮ ಇದೆಯೇ ಎಂದು ಬಹಳ ವಿನಯದಿಂದ ಕೇಳಿದರು. ಅದನ್ನು ಕೇಳಿಸಿಕೊಂಡು ಅತ್ತೆ ಆ ಸಂಜೆ ನನ್ನ ಸಾರನ್ನು ಎರಡನೇ ಸಲ ಹಾಕಿಸಿಕೊಂಡರು. ಬೀದಿಯ ಮಹಿಳಾ ಸಮಾಜದವರು ಪ್ರದಕ್ಷಿಣೆಯ ಮಹತ್ವದ ಬಗ್ಗೆ ಐದು ನಿಮಿಷ ಮಾತಾಡಿ ಎಂದು ಬಂದಿದ್ದರು. ನನಗೆ ಏನೂ ಗೊತ್ತಿಲ್ಲ ಎಂದೆ. ಅವರಿಗೆ ನನ್ನ ವಿನಯ ಬಹಳ ಹಿಡಿಸಿತು. ಹತ್ತು ನಿಮಿಷ ಕೊಟ್ಟಿದ್ದಾರೆ.

ನಾಡಿದ್ದು ಹೊರಡುವುದು. ಇವತ್ತು ಬೆಳಿಗ್ಗೆ ಒಂದು ಚಮತ್ಕಾರವಾಯಿತು. ರಸ್ತೆಯ ತುದಿಯಲ್ಲಿ ಒಂದು ನಾಯಿ ಅಡ್ಡ ಬಂದು, ನಾನು ಗಾಬರಿಯಲ್ಲಿ ಹ್ಯಾಂಡಲ್ ಎಳೆದಾಗ ಸೈಕಲ್ಲು ಬೀಳದೆ, ಸಲೀಸಾಗಿ, ಎಡಕ್ಕೆ ತಿರುಗಿತು. ನನಗೆ ಎಡಕ್ಕೂ ಬಂದುಬಿಟ್ಟಿದೆ. ಸಂತೋಷದಿಂದ ಇನ್ನೊಂದು ಸಲ ತಿರುಗಿಸಿ ನೋಡೋಣವೆಂದು ಹೊರಟೆ. ಎದುರು ಮನೆಯ ಹೆಡ್‌ಮಾಸ್ತರರು ಗೇಟಿನಲ್ಲಿ ನಿಂತು ನೋಡುತ್ತಿದ್ದರು, ಪಕ್ಕದಲ್ಲಿ ಅವರ ಮೊಮ್ಮಗಳನ್ನೂ ನಿಲ್ಲಿಸಿಕೊಂಡಿದ್ದರು. "ನೋಡು ಪುಟ್ಟಿ, ಆ ಅಜ್ಜಿ ಎಡಕ್ಕೆ ತಿರುಗೋದೇ ಇಲ್ಲ. ಅಷ್ಟು ನಿಷ್ಠೆ" ಎನ್ನುತ್ತಿದ್ದರು. ಅಜ್ಜಿ ಎಂದದ್ದನ್ನೂ ನುಂಗಿಕೊಂಡು ನಾನು ಬಲಕ್ಕೇ ತಿರುಗಿದೆ.